ಹೊರಗೇ, ಭಾವಾ

ಕಾರಿನ ಮುಂಗಾಜಿನ ಮೇಲೆ ಮಗಳ ಕಾಲಿನ ಗುರುತು, ಹೊರಗಿನ ಮಂಜಿಗೆ ಒಳಗಿನ ಉಸಿರು ಸೇರಿದಾಗಲೆಲ್ಲ ಮೂಡುತ್ತದೆ, ಐದೂ ಬೆರಳು ಎಣಿಸಬಹುದು, ಕಿರುಬೆರಳು ಬರೀ ಚುಕ್ಕೆ — ಕಾಲು ಇಳಿಸು ಎಂದು ಹೇಳಿ ಅರ್ಧ ಗಂಟೆಯಾಯಿತು, ಇಳಿಸಿದ್ದಾಳೆ, ಹಿಂದಿನ ಸೀಟಿಗೆ ಹೋಗಿ ಮುದುಡಿ ಮಲಗಿದ್ದಾಳೆ, ಗುರುತು ಮಾತ್ರ ನನ್ನೆದುರೇ ಉಳಿದಿದೆ, ಒರೆಸಿದರೂ ಮತ್ತೆ ಬರುತ್ತದೆ. ಇದ್ದೀಯಾ? ಇದ್ದೀನಿ. ಹಾಂ, ಸರಿ. ಆ ಒಂದು ಮಾತಿಗೆ ಹೋದ ಜೀವ ಬಂದಂತಾಗುತ್ತದೆ, ಹನ್ನೊಂದು ವರ್ಷದ ಹುಡುಗಿಯ ನಿದ್ದೆಗಣ್ಣಿನ ಮಾತಿಗೆ. ಲಿಫ್ಟ್ ರಿಪೇರಿ ಮಾಡುವವನಿಗೆ ಅಂಟಿದ ಚಾಳಿ ಇದು, ಮೇಲಿನವನು ತಳದ ಗುಂಡಿಗಿಳಿದವನನ್ನು ಕೇಳದೆ ಬಟನ್ ಒತ್ತುವಂತಿಲ್ಲ, ಹೊರಗಾ? ಹೊರಗೇ. ಆಮೇಲೆ ಒತ್ತು. ಹದಿನಾಲ್ಕು ವರ್ಷ, ದಿನಕ್ಕೆ ನಲವತ್ತು ಸಲ ಕೇಳಿ ಕೇಳಿ ಅದು ಮನೆಗೂ ಬಂತು, ನಿಮ್ಮಪ್ಪ ಮಿಕ್ಸಿ ಹಾಕೋಕೂ ಉತ್ತರ ಕೇಳ್ತಾರೆ ಕಣೇ ಎಂದು ನನ್ನವಳು ನಗುತ್ತಿದ್ದಳು, ನಗುತ್ತಿದ್ದಳು ಎನ್ನಬೇಕು ಈಗ, ತಮ್ಮ ಹೋದ ಮೇಲೆ ಅವಳಿಗೆ ಮಿಕ್ಸಿಯ ಸದ್ದೇ ಆಗದು. ಅವಳ ತಮ್ಮ, ನನ್ನ ಮೈದುನ, ಕೆಲಸದಲ್ಲಿ ನನ್ನ ಜೊತೆಗಾರ, ನನ್ನ ಮಗಳಿಗೆ ಮಾವ, ಎಷ್ಟು ಉದ್ದ ಎಂದರೆ ಬಾಗಿಲು ಕಂಡ ಕೂಡಲೇ ಅವನ ತಲೆ ತಾನಾಗಿ ಬಗ್ಗುತ್ತಿತ್ತು. ತಿಂಗಳಿಗೊಂದು ಭಾನುವಾರ ಇವಳನ್ನು ಇದೇ ಕಾರಿನಲ್ಲಿ ಮೀನು ಹಿಡಿಯಲು ಕರೆದೊಯ್ಯುತ್ತಿದ್ದ, ನೀವೂ ಬನ್ನಿ ಭಾವ, ಮೀನು ನಿಮ್ಮನ್ನೇನೂ ಕೇಳಲ್ಲ — ನಾನು ಹೋಗಲಿಲ್ಲ, ಭಾನುವಾರವೆಲ್ಲ ನಿದ್ದೆ ಹೊಡೆದೆ. ಈಗ ಅವನ ಗಾಳದ ಕೋಲು ಇವಳ ಪಕ್ಕದಲ್ಲಿ ಅಡ್ಡ ಮಲಗಿದೆ, ತುದಿ ನನ್ನ ಕಿವಿಯವರೆಗೂ ಬಂದಿದೆ, ದಾರಕ್ಕೆ ನೀರಲ್ಲಿ ತೇಲಲೆಂದು ಅವನೇ ಕೆತ್ತಿದ ಬೆಂಡು, ಮೇಲರ್ಧ ಕೆಂಪು, ಲಿಫ್ಟಿನ ತಳದ ಗುಂಡಿಯಲ್ಲಿ ಎಲ್ಲವನ್ನೂ ನಿಲ್ಲಿಸುವ ಸ್ವಿಚ್ಚಿಗೆ ಬಳಿದು ಮಿಕ್ಕಿದ ಬಣ್ಣ. ಅವನನ್ನು ಮಣ್ಣು ಮಾಡಿ ಬಂದ ಸಂಜೆ ಇವಳು ಒಂದೇ ಒಂದು ಕೇಳಿದ್ದಳು, ಮಾವ ನಿಜವಾಗ್ಲೂ ಉತ್ತರ ಕೊಟ್ನಾ? ಕೊಟ್ಟ ಪುಟ್ಟಾ. ನಿಜವಾಗ್ಲೂ? ಕಿವಿಯಾರೆ ಕೇಳಿದೆ. ನನ್ನ ಮುಖವನ್ನೇ ನೋಡಿ ಎದ್ದು ಹೋದಳು, ಅಂದಿನಿಂದ ಎಂಟು ತಿಂಗಳು ಬಾಯಿಗೆ ಬೀಗ, ಹ್ಞೂಂ, ಊಹ್ಞೂಂ, ಅಷ್ಟೇ. ಮೊನ್ನೆ ತಾನಾಗಿ ಬಂದು ಮಾವ ಕರ್ಕೊಂಡು ಹೋಗ್ತಿದ್ದ ಕೆರೆಗೆ ನೀನು ಕರ್ಕೊಂಡು ಹೋಗ್ತೀಯಾ ಎಂದಾಗ ಹೂಂ ಎಂದು ಅಂದೇ ನನಗೂ ಒಂದು ಗಾಳದ ಕೋಲು ಕೊಂಡು ತಂದೆ. ವಿಚಾರಣೆಯವರು ನಂಬಲಿ ಬಿಡಲಿ, ಇವಳೊಬ್ಬಳು ನನ್ನನ್ನು ನಂಬಿದರೆ ಸಾಕು.

ತಿರುವಿನಲ್ಲಿ ತಗಡಿನ ಅಂಗಡಿ, ಎರೆಹುಳ ಮಾರುವವಳು ರಬ್ಬರಿನ ಗವಸು ಹಾಕಿಕೊಂಡು ಹೊರಗೇ ಕೂತಿದ್ದಾಳೆ, ಮಗಳನ್ನು ಕಂಡಿದ್ದೇ ಮುಖ ಅರಳಿತು, ಏನೇ ಹೀಗೆ ಬೆಳೆದ್ಬಿಟ್ಟಿದೀಯ, ಎಲ್ಲಿ ನಿಮ್ಮ ಏಣಿ? ಮೈದುನನಿಗೆ ಅವಳಿಟ್ಟ ಹೆಸರಂತೆ, ಏಣಿ, ಇಡಲು ಬೇರೆ ಹೆಸರೇ ಸಿಗಲಿಲ್ಲವೇ, ಅವನು ಏಣಿಯ ಮೇಲೇ ಅಲ್ಲವೇ — ಬೇಡ. ಬಂದಿಲ್ಲ ಎಂದಳು ಮಗಳು, ಇನ್ನು ಬರುವುದಿಲ್ಲ ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಮಾತಾಡುತ್ತಲೇ ಹುಳದವಳು ಮೂರು ಡಬ್ಬಿಗೆ ಹುಳ ತುಂಬಿದಳು, ಎರಡು ಸಾಕಲ್ವಾ ಎಂದೆ, ತನ್ನ ಕೈಯನ್ನು ತಾನೇ ನೋಡಿಕೊಂಡಳು, ಅಯ್ಯೋ, ಅವ್ರು ಯಾವಾಗ್ಲೂ ಮೂರು ಅನ್ನೋರು, ಈಗ ಯಾರೂ ಅನ್ನದೆ ಇದ್ರೂ ಅಂದ ಹಾಗೇ ಕೇಳಿಸ್ತು ನೋಡಿ, ಅಭ್ಯಾಸ. ಮಗಳು ಮೊದಲು ಆ ಹೆಂಗಸನ್ನು ನೋಡಿದಳು, ಆಮೇಲೆ ನನ್ನನ್ನು, ತುಂಬಾ ಹೊತ್ತು ನೋಡಿದಳು, ಅಂಗಡಿಯ ತಗಡಿನ ಮೇಲಿಂದ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು. ಒಂದು ನನಗೆ, ಒಂದು ನಿನಗೆ, ಒಂದು ನೀರಿಗೆ ಅಂತಿದ್ದ ಮಾವ. ಮೂರನೇದು ಖಾಲಿ ಮಾಡಿ ಕೊಡಿ, ಬರೀ ಡಬ್ಬಿ ಸಾಕು. ಬರೀ ಡಬ್ಬಿ ಯಾಕೆ ಪುಟ್ಟಾ? ಬೇಕು. ಬೇಕೆಂದರೆ ಬೇಕು, ಇವಳ ಹಟ ಇವಳ ಅಮ್ಮನದೇ, ನಾನು ಹೆಚ್ಚು ಕೇಳಲು ಹೋಗಲಿಲ್ಲ.

ಕೆರೆ ಕಾಣಿಸುವುದೇ ಇಲ್ಲ, ಒಂಬತ್ತು ಹೊಡೆದರೂ ಮಂಜು ಎದ್ದಿಲ್ಲ, ನೀರು ಎಲ್ಲಿ ಮುಗಿದು ಬಿಳುಪು ಎಲ್ಲಿ ಶುರುವಾಗುತ್ತದೋ, ಬೂಟಿನ ತುದಿ ಒದ್ದೆಯಾದಾಗಲೇ ಗೊತ್ತಾಗುವುದು. ಹಾಗಲ್ಲ, ಮಣಿಕಟ್ಟು ಸಡಿಲ ಬಿಡು, ಅಯ್ಯೋ ಅಪ್ಪಾ, ಅದು ಸ್ಪ್ಯಾನರ್ ಅಲ್ಲ — ನಕ್ಕಳು, ಎಂಟು ತಿಂಗಳ ಮೇಲೆ ನಕ್ಕೇಬಿಟ್ಟಳು, ಹುಳ ಚುಚ್ಚಲು ನಾನು ಹಿಂಜರಿದಾಗ ತಾನೇ ಚುಚ್ಚಿಕೊಟ್ಟಳು, ಅವಳ ತಣ್ಣನೆಯ ಬೆರಳು ನನ್ನ ಬೆರಳಿನ ಮೇಲೆ, ನನಗೆ ಖುಷಿಯಾಯಿತು, ಹೆದರಿಕೆಯಾಗುವಷ್ಟು ಖುಷಿ. ದಾರಕ್ಕೆ ದಾರ ತೊಡರುತ್ತೆ, ನೀನಿಲ್ಲಿ ಕೂತ್ಕೋ, ನಾನು ಬಂಡೆ ಆಚೆ. ಹೋದಳು, ಮಂಜು ಮೊದಲು ಅವಳ ಮೊಣಕಾಲು ತೆಗೆದುಕೊಂಡಿತು, ಆಮೇಲೆ ಸೊಂಟ, ಆಮೇಲೆ ಜಡೆ. ನನಗೆ ಕಾಣುವುದು ಅವಳ ಕೆಂಪು ಬೆಂಡೊಂದೇ, ಬಂಡೆಯ ಅಂಚಿನಾಚೆ, ನೀರಿನಲ್ಲಿ ನೆಟ್ಟಗೆ. ಇದ್ದೀಯಾ? ಇದ್ದೀನಿ. ಹಾಂ, ಸರಿ. ಟಕ್ — ಹಿಂದೆಲ್ಲೋ ಸಣ್ಣ ಸದ್ದು, ಕಾರಿನ ಬಾನೆಟ್ ಆರುತ್ತಿರಬೇಕು. ಅವತ್ತೂ ಹೀಗೇ ಏನೂ ಕಾಣುತ್ತಿರಲಿಲ್ಲ, ಏಳಂತಸ್ತಿನ ಬಟ್ಟೆ ಅಂಗಡಿ, ನಾನು ಮೂರನೇ ಮಹಡಿಯ ಹತ್ತಿರ ಲಿಫ್ಟಿನ ನೆತ್ತಿಯ ಮೇಲೆ, ಕೈಯಲ್ಲಿ ಬಟನ್ ಪೆಟ್ಟಿಗೆ, ಅವನು ತಳದ ಗುಂಡಿಗೆ ಇಳಿದಿದ್ದ, ಸ್ಪ್ಯಾನರ್ ಬಿದ್ದಿತ್ತು, ಅರ್ಧ ನಿಮಿಷದ ಕೆಲಸ ಭಾವ, ಅರ್ಧ ನಿಮಿಷದ ಕೆಲಸಕ್ಕೆ ಯಾರು ಕೆಂಪು ಸ್ವಿಚ್ ಎಳೆಯುತ್ತಾರೆ, ಎಳೆದಿದ್ದರೆ ನಾನು ನೂರು ಸಲ ಒತ್ತಿದರೂ ಲಿಫ್ಟ್ ಮಿಸುಕುತ್ತಿರಲಿಲ್ಲ. ಹೊರಗಾ? ಹೊರಗೇ, ಭಾವಾ. ಬಂತು, ಉತ್ತರ ಬಂತು, ಎಂದಿನಂತೆ ಕೊನೆಯ ಅಕ್ಷರ ಎಳೆದು. ಒತ್ತಿದೆ. ಲಿಫ್ಟ್ ಕೆಳಗಿಳಿಯಿತು, ಅವನಿನ್ನೂ ಗುಂಡಿಯ ಏಣಿ ಹತ್ತುತ್ತಿದ್ದ. ನನಗೆ ಕೇಳಿದ್ದು ಒಂದೇ ದನಿ ಸಾರ್, ಮೇಲಿನವರದ್ದು ಎಂದ ವಿಚಾರಣೆಯಲ್ಲಿ, ಕೆಳಗೆ ಬಾಗಿಲಲ್ಲಿ ನಿಂತಿದ್ದ ಕಾವಲುಗಾರ, ಅವನ ಕಿವಿ ಮಂದ ಎಂದೆ ನಾನು, ಎಲ್ಲರಿಗೂ ಹೇಳಿದೆ, ಕೇಳದವರನ್ನೂ ಹಿಡಿದು ಹೇಳಿದೆ. ಇದ್ದೀಯಾ? ಇದ್ದೀನಿ. ಹಾಂ, ಸರಿ. ಟಕ್. ನೀರಲ್ಲಿ ಮೀನಿನ ಹೆಜ್ಜೆ ಕಂಡವರುಂಟೇ ಎನ್ನುತ್ತಾರೆ, ದನಿಯದೂ ಅದೇ ಪಾಡು, ಬಂದು ಹೋದ ಮೇಲೆ ಬಂದಿತ್ತು ಎನ್ನಲು ಏನಿದೆ, ನನ್ನ ಕಿವಿಯೊಂದೇ ಸಾಕ್ಷಿ, ನನ್ನ ಕಿವಿ ಚೆನ್ನಾಗಿದೆ, ನೋಡು, ಇವಳ ದನಿ ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆ, ಬಂಡೆಯಾಚೆಯಿಂದ, ಇಲ್ಲ, ಇನ್ನೂ ಆಚೆಯಿಂದ, ನೀರಿನ ನಡುವಿನಿಂದ ಬಂದ ಹಾಗೆ, ಮಂಜಿನಲ್ಲಿ ಸದ್ದು ದಿಕ್ಕು ತಪ್ಪುತ್ತದೆ. ಮತ್ತೆ ಮತ್ತೆ ಕೇಳಿದೆ, ಮತ್ತೆ ಮತ್ತೆ ಬಂತು. ಬೆಂಡು ಅಲ್ಲಾಡುವುದಿಲ್ಲ. ಇದ್ದೀಯಾ? ಇದ್ದೀನಿ. ಹಾಂ, ಸರಿ.

ಟಕ್. ಈ ಸಲ ಬೆನ್ನ ಹಿಂದೆಯೇ. ತಿರುಗಿದರೆ ಮೂರೇ ಹೆಜ್ಜೆ ಹಿಂದೆ ಒದ್ದೆ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ, ಮಡಿಲಲ್ಲಿ ಆ ಮೂರನೆಯ ಡಬ್ಬಿ, ಕೂದಲ ಮೇಲೆಲ್ಲ ಮಂಜಿನ ಹನಿ. ಯಾವಾಗ ಬಂದೆ? ಆವಾಗ್ಲೇ. ಕೋಲು? ಬಂಡೆ ಸಂದಿಗೆ ಸಿಕ್ಕಿಸಿದೀನಿ. ಮತ್ತೆ ಈಗ ತಾನೇ ಆ ಕಡೆಯಿಂದ ಇದ್ದೀನಿ ಅಂದ್ಯಲ್ಲ? ಅವಳು ಡಬ್ಬಿಯನ್ನು ಅಂಗೈಗೆ ಬಗ್ಗಿಸಿದಳು, ಬೆಣಚುಕಲ್ಲು, ಏಳು. ಏಳು ಸಲ ಕೂಗ್ದೆ ಅಪ್ಪಾ, ಕೂಗಿದಾಗೆಲ್ಲ ಒಂದು ಹಾಕ್ದೆ, ನಾನು ಒಂದು ಸಲಾನೂ ಬಾಯಿ ಬಿಡ್ಲಿಲ್ಲ. ಏಳು ಸಲಾನೂ ನೀನು ಹಾಂ ಸರಿ ಅಂದೆ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ, ನೀನು ಸುಳ್ಳು ಹೇಳಿಲ್ಲ, ಇಷ್ಟು ದಿನ ನೀನು ಸುಳ್ಳು ಹೇಳ್ತಿದೀಯ ಅಂದ್ಕೊಂಡಿದ್ದೆ ಅಪ್ಪಾ, ನಿನಗೆ ನಿಜವಾಗ್ಲೂ ಕೇಳಿಸ್ತು, ಎಂದವಳೇ ಓಡಿ ಬಂದು ಕುತ್ತಿಗೆಗೆ ಜೋತುಬಿದ್ದಳು, ಬಿಕ್ಕುತ್ತಿದ್ದಾಳೆ, ಬೆನ್ನು ಸವರುತ್ತೇನೆ, ಎಷ್ಟು ಬೆಚ್ಚಗಿದ್ದಾಳೆ, ನಂಬಿದಳು, ನಾನು ಬೇಡಿದ್ದು ಇದೊಂದೇ, ಸಿಕ್ಕಿತು, ಸಿಕ್ಕಿತಲ್ಲ — ಅವನು ಹೇಳಲೇ ಇಲ್ಲ. ಅವನು ಹೊರಗೇ ಎನ್ನಲೇ ಇಲ್ಲ, ಕಾವಲುಗಾರನ ಕಿವಿ ನೆಟ್ಟಗಿತ್ತು, ಹದಿನಾಲ್ಕು ವರ್ಷದ ಉತ್ತರಗಳಲ್ಲಿ ಯಾವುದೋ ಒಂದು ಹಳೆಯ ಉತ್ತರಕ್ಕೆ ನಾನು ಬಟನ್ ಒತ್ತಿದೆ. ಇವಳಿಗೆ ಹೇಳಬೇಕು, ಇನ್ನು ಯಾವತ್ತೂ ಕೂಗಿ ಕೇಳಬೇಡ, ಬಂದು ಮುಟ್ಟಿ ನೋಡು, ಯಾವ ಉತ್ತರವನ್ನೂ ನಂಬಬೇಡ ಎನ್ನಬೇಕು, ಗಂಟಲಲ್ಲಿ ದನಿಯೇ ಇಲ್ಲ. ಅವಳು ಮೂಗೊರೆಸಿಕೊಂಡು ಎದ್ದಳು, ಹಗುರಾಗಿದ್ದಾಳೆ, ಕುಣಿಯುತ್ತಲೇ ಬಂಡೆಯಾಚೆ ಹೋದಳು, ಮೊಣಕಾಲು, ಸೊಂಟ, ಜಡೆ. ಅಪ್ಪಾ, ದಾರ ಕಲ್ಲಿಗೆ ಸಿಕ್ಕಿದೆ, ನೀರಿಗಿಳಿದು ಬಿಡಿಸ್ತೀನಿ, ಅರ್ಧ ನಿಮಿಷ, ಇದ್ದೀಯಾ? ಮೊದಲ ಸಲ ಅವಳು ನನ್ನನ್ನು ಕೇಳುತ್ತಿದ್ದಾಳೆ, ಆಟಕ್ಕೆ, ಪ್ರೀತಿಗೆ, ಬೇಡ ಎನ್ನಬೇಕು, ಇಳೀಬೇಡ, ಆಳ ಎಷ್ಟಿದೆಯೋ, ಬಾಯಿ ತೆರೆದೆ, ಗಾಳಿ ಬಂತು, ಮಾತು ಬರಲಿಲ್ಲ, ನಾನು ಏನೂ ಹೇಳಲಿಲ್ಲ, ನಾನು ಏನೂ ಹೇಳಿಲ್ಲ — ಹಾಂ, ಸರಿ, ಎಂದಳು ಅವಳು ಆಚೆಯಿಂದ. ನೀರು ಕಲಕಿದ ಸದ್ದು. ಏಳು, ಓಡು, ಏಳು, ಮಂಜಿನಲ್ಲಿ ಬೆಂಡು, ಮೇಲರ್ಧ ಕೆಂಪು, ನೆಟ್ಟಗೆ, ಒಂದು ಅಲೆ ಬಂದು ಅದನ್ನು ಮುಟ್ಟಿತು, ಇನ್ನೊಂದು ಬರಲಿಲ್ಲ, ಕೆಂಪು ಬೆಂಡು, ನೆಟ್ಟಗೆ, ಕೆಂಪು ಬೆಂಡು