ಅಳತೆ ತೆಗೆಯದೆ ತಂದ ನಾಯಿ

ಮಧ್ಯಾಹ್ನ ಆಯಿತೆಂದರೆ ಟೈಲರ್ ಮನೆಯ ನಾಯಿ ಊಳಿಡಲು ಶುರು ಮಾಡುತ್ತಿತ್ತು. ಎದುರು ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಹಸುಗೂಸು ಎಚ್ಚರಗೊಂಡು ಅಳುತ್ತಿತ್ತು.

"ಅದಕ್ಕೇನು ಕೊರತೆ ಅಂತ ಒಂದ್ಸಲ ವಿಚಾರಿಸಬಾರ್ದಾ ಅಕ್ಕಾ?" ಎಂದು ಮಗುವಿನ ತಾಯಿ ಗೋಡೆಯಾಚೆಯಿಂದ ಕೇಳಿದಳು.

ಟೈಲರ್‌ನ ಹೆಂಡತಿ ಗುಂಡಿಗೆ ಕಾಜಾ ಹೊಲಿಯುತ್ತ ಕೂತಿದ್ದಳು. ಹಲ್ಲಿನಿಂದ ದಾರ ಕಡಿದಳು.

ನಾಯಿಯ ಹೆಸರು ಗೊಂಡೆ. ಅದರ ಬಾಲ ಬೆನ್ನ ಮೇಲೆ ಗೊಂಡೆಯಂತೆ ಸುತ್ತಿಕೊಂಡಿತ್ತು. ಹಸ್ಕಿ ತಳಿ. ಹಿಮದ ನಾಡಿನಲ್ಲಿ ಗಾಡಿ ಎಳೆದುಕೊಂಡು ದಿನವಿಡೀ ಓಡಲೆಂದು ಜನ ಬೆಳೆಸಿದ ತಳಿ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಿರಾಕಿಯೊಬ್ಬರ ಮನೆಯಲ್ಲಿ ಮರಿಗಳಿದ್ದವು. ನೀಲಿ ಕಣ್ಣು ನೋಡಿ ಮಗಳು ಪಟ್ಟು ಹಿಡಿದಳು. ಟೈಲರ್ ಒಂದನ್ನು ಕೈಚೀಲದಲ್ಲಿಟ್ಟುಕೊಂಡು ಬಂದುಬಿಟ್ಟ.

ಇದ್ದದ್ದು ಎರಡು ಕೋಣೆ. ಮುಂದಿನದು ಅಂಗಡಿ, ಕಲ್ಲಿನ ನೆಲ, ತಂಪು. ಹಿಂದಿನದರಲ್ಲಿ ಅಡುಗೆ, ಊಟ, ನಿದ್ದೆ. ಅದರಾಚೆ ತಗಡು ಹೊದಿಸಿದ ಪುಟ್ಟ ಹಿತ್ತಿಲು. ಗೊಂಡೆ ಅಲ್ಲಿ ಸರಪಳಿಯಲ್ಲಿರುತ್ತಿತ್ತು. ಬಿಟ್ಟರೆ ಗಿರಾಕಿಗಳ ಬಟ್ಟೆ ಉಳಿಯುತ್ತಿರಲಿಲ್ಲ. ಒಮ್ಮೆ ಹೊಸ ಕೋಟಿನ ತೋಳನ್ನೇ ಕಿತ್ತುಹಾಕಿತ್ತು.

"ನಾಯಿ ಅಂದ್ರೆ ನಾಯಿ," ಎನ್ನುತ್ತಿದ್ದ ಟೈಲರ್. "ಬೀದೀಲಿರೋವಕ್ಕೆ ಯಾರು ಉಪಚಾರ ಮಾಡ್ತಾರೆ? ಹೊಟ್ಟೆಗೆ ಹಾಕಿದ್ರೆ ತಾವಾಗೇ ಬೆಳೀತವೆ."

"ನೀನು ಬೆಳೆದ ಹಾಗೆ," ಎಂದಳು ಅವನ ತಾಯಿ, ಮಲಗಿದ್ದಲ್ಲಿಂದಲೇ.

ಬೇಸಿಗೆ ಬಲಿಯಿತು. ಗೊಂಡೆ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಅದನ್ನು ನೋಡಲಾರದೆ ಟೈಲರ್ ಒಂದು ರಜೆಯ ದಿನ ದೊಡ್ಡ ಕತ್ತರಿ ತಂದ.

"ಇಷ್ಟು ದಪ್ಪ ಉಣ್ಣೆ ಕೋಟು ತೊಟ್ಕೊಂಡು ಈ ಸೆಕೇಲಿ ಯಾರು ತಾನೆ ಕೂರ್ತಾರೆ? ನೀನು ಹಿಡ್ಕೊ, ನಾನು ಬಿಚ್ಚಿಬಿಡ್ತೀನಿ."

ಹೆಂಡತಿ ಹಿಡಿದುಕೊಂಡಳು. ಅವನು ಗಿರಾಕಿಯ ಬಟ್ಟೆಗೆ ಕೊಡುವಷ್ಟೇ ಗಮನ ಕೊಟ್ಟ. ಕಿವಿಯ ಸುತ್ತ, ಹೊಟ್ಟೆಯ ಕೆಳಗೆ, ಎಲ್ಲಿಯೂ ಒಂದು ಗೀರು ಬೀಳಲಿಲ್ಲ. ಕೂದಲು ಹಿತ್ತಿಲ ತುಂಬ ಹರಡಿತು. ಕೆಳಗಿನ ಚರ್ಮ ಎಳೆಮಗುವಿನದರಂತೆ ಗುಲಾಬಿಯಾಗಿತ್ತು. ಗೊಂಡೆ ಅವಳ ಮಣಿಕಟ್ಟು ನೆಕ್ಕಿತು.

ಆ ವಾರದಲ್ಲೇ ಒಂದು ಮಧ್ಯಾಹ್ನ ಊಳು ಕೇಳಿಸಲಿಲ್ಲ.

"ಅಂತೂ ಬುದ್ಧಿ ಬಂತು ಅದಕ್ಕೆ," ಎಂದಳು ಅತ್ತೆ.

ಸೊಸೆಗೂ ನಿರಾಳವೆನಿಸಿತು. ಕೈಯಲ್ಲಿದ್ದ ಕಾಜಾ ಮುಗಿಸಿ, ಇನ್ನೊಂದನ್ನೂ ಮುಗಿಸಿ, ಆಮೇಲೆ ಎದ್ದು ಹಿತ್ತಿಲಿಗೆ ಹೋದಳು. ಗೊಂಡೆ ಪಕ್ಕಕ್ಕೆ ಬಿದ್ದಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ವಸಡು ಕಡುಗೆಂಪಾಗಿತ್ತು. ಎಬ್ಬಿಸಿದರೆ ಕಾಲು ನಿಲ್ಲಲಿಲ್ಲ.

ಬೀದಿಯ ತುದಿಯ ಪ್ರಾಣಿ ಆಸ್ಪತ್ರೆಯ ವೈದ್ಯೆ ಟೈಲರ್‌ಗೆ ಪರಿಚಯ. ಆಕೆಯ ಬಿಳಿ ಕೋಟು ಹೊಲಿದವನು ಅವನೇ. ಫೋನ್ ಮಾಡಿದ.

"ಮೊದಲು ಅಲ್ಲಿಂದ ತಂಪಾದ ಜಾಗಕ್ಕೆ ತನ್ನಿ," ಎಂದರು ಆಕೆ. "ಮೈಮೇಲೆ ತಣ್ಣೀರು ಹುಯ್ತಾ ಇರಿ. ಐಸ್ ಬೇಡ. ಫ್ಯಾನ್ ಹಾಕಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಕಾವು ಒಳಗೇ ನಿಲ್ಲುತ್ತೆ. ಬಲವಂತವಾಗಿ ನೀರು ಕುಡಿಸಬೇಡಿ. ಸ್ವಲ್ಪ ತಂಪಾದ ಕೂಡಲೇ ಕರ್ಕೊಂಡು ಬನ್ನಿ."

ಟೈಲರ್ ಅದನ್ನು ಎತ್ತಿ ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ. ಕೆಳಗೆ ಯಾರದೋ ಹೊಸ ಸೂಟಿನ ಬಟ್ಟೆ ಹರಡಿತ್ತು. ತೆಗೆಯಲಿಲ್ಲ. ಹೆಂಡತಿ ನೀರು ಹುಯ್ದಳು.

ಆಸ್ಪತ್ರೆಯಲ್ಲಿ ಗೊಂಡೆಗೆ ಡ್ರಿಪ್ ಹಾಕಿದರು. ವೈದ್ಯೆ ಅದರ ಬೆನ್ನ ಮೇಲೆ ಕೈಯಾಡಿಸಿದರು.

"ಇದನ್ನ ಕತ್ತರಿಸಿದ್ದು ಯಾರು?"

"ನಾನೇ ಮೇಡಂ. ಸೆಕೆ ತಡ್ಕೊಳ್ಳಲ್ಲ ಅಂತ."

"ಕೋಟಾಗಿದ್ರೆ ಕೆಲಸ ಚೆನ್ನಾಗಿದೆ ಮಾಸ್ಟ್ರೇ. ಈ ತಳಿಗೆ ಕೂದಲು ಎರಡು ಪದರ. ಮೇಲಿನದು ಬಿಸಿಲು, ಕಾವು ಎರಡನ್ನೂ ಚರ್ಮಕ್ಕೆ ತಾಗೋಕೆ ಬಿಡಲ್ಲ. ಒಳಗಿನದು ಬೇಸಿಗೇಲಿ ತಾನೇ ಉದುರುತ್ತೆ, ಬಾಚಿ ತೆಗೆದ್ರೆ ಸಾಕು. ನೀವು ಕೋಟು ಬಿಚ್ಚಿದ್ದಲ್ಲ, ಮನೆಯ ಮಾಡು ಕಿತ್ತಿದ್ದು."

ಟೈಲರ್ ಬೆಂಚಿನ ಮೇಲೆ ಕೂತ. "ಬದುಕುತ್ತಾ?"

"ನಾಳೆ ಹೇಳ್ತೀನಿ. ಮೂತ್ರಪಿಂಡಕ್ಕೆ ಪೆಟ್ಟಾಗಿದೆಯಾ ನೋಡ್ಬೇಕು."

ಎದುರು ಬೆಂಚಿನಲ್ಲಿ ಒಂದು ಪಗ್ ನಾಯಿ ಗೊರಕೆಯಂತೆ ಉಸಿರಾಡುತ್ತಿತ್ತು. ಅದರ ಪಕ್ಕ ಪೀಪಾಯಿಯಂಥ ಲ್ಯಾಬ್ರಡಾರ್.

"ಹಾಗಾದ್ರೆ ಎಲ್ಲಾ ನಾಯೀನೂ ಒಂದೇ ಅಲ್ವಾ?" ಎಂದ ಟೈಲರ್.

"ಬಂದೋರಿಗೆಲ್ಲ ಒಂದೇ ಅಳತೇಲಿ ಹೊಲಿದು ಕೊಡ್ತೀರಾ? ಆ ಪಗ್‌ಗೆ ನೋಡಿ, ಮೂಗು ಚಪ್ಪಟೆ, ಉಸಿರಾಡೋದೇ ಕಷ್ಟ. ಬಿಸಿಲಲ್ಲಿ ಓಡಿಸೋ ಹಾಗಿಲ್ಲ. ಮುಖದ ಮಡಿಕೆ ದಿನಾ ಒರೆಸ್ಬೇಕು. ಲ್ಯಾಬ್ರಡಾರ್‌ಗೆ ಮಕ್ಕಳು ಅಂದ್ರೆ ಪ್ರಾಣ. ಆದ್ರೆ ಸಾಕು ಅನ್ನೋದು ಗೊತ್ತಿಲ್ಲ, ಕೊಟ್ಟಷ್ಟೂ ತಿಂದು ಕೀಲು ಕೆಡಿಸ್ಕೊಳ್ಳುತ್ತೆ. ಜರ್ಮನ್ ಶೆಫರ್ಡ್‌ಗೆ ಕೆಲಸ ಬೇಕು, ಕಲಿಸೋರು ಬೇಕು. ಸುಮ್ನೆ ಕಟ್ಟಿಹಾಕಿದ್ರೆ ಸಿಡುಕಾಗುತ್ತೆ. ಬೀದಿ ಮರಿಗೆ ಇಲ್ಲಿನ ಹವೆ ಒಗ್ಗಿರುತ್ತೆ. ಅದಕ್ಕೂ ಲಸಿಕೆ ಬೇಕು, ಜೊತೆ ಬೇಕು." ಆಕೆ ಟೈಲರ್‌ನ ಹೆಂಡತಿಯ ಕಡೆ ತಿರುಗಿದರು. "ನಿಮ್ಮದು ಊಳಿಡುತ್ತಾ ಅಮ್ಮಾ?"

"ದಿನಾ."

"ಬಟ್ಟೆ ಹರಿಯುತ್ತಾ?"

"ಹೂಂ. ಹಠಮಾರಿ ಅಂದ್ಕೊಂಡಿದ್ವಿ."

"ಓಡೋಕೆ ಹುಟ್ಟಿದ ಜೀವ. ಕಾಲಿಗೆ ಕೆಲಸ ಇಲ್ಲದೆ ಬೇರೇನು ಮಾಡೀತು?"

ಗೊಂಡೆ ಉಳಿಯಿತು. ಕೆಲವು ದಿನ ಆಸ್ಪತ್ರೆಯಲ್ಲಿದ್ದು, ಸೊರಗಿ ಮನೆಗೆ ಬಂತು. ಸರಪಳಿ ಹಾಕಲು ಯಾರೂ ಹಿತ್ತಿಲಿಗೆ ಹೋಗಲಿಲ್ಲ.

"ಯಾರಿಗಾದ್ರೂ ಕೊಟ್ಟುಬಿಡಿ," ಎಂದಳು ಅತ್ತೆ. ದನಿಯಲ್ಲಿ ಕುಹಕವಿರಲಿಲ್ಲ. "ನಮ್ಮ ತಪ್ಪಿಗೆ ಅದಕ್ಯಾಕೆ ಶಿಕ್ಷೆ?"

"ಯಾರಿಗೆ ಅತ್ತೆ? ಅವರ ಮನೇಲೂ ತಗಡೇ ಇದ್ರೆ?"

ಟೈಲರ್ ಎದ್ದ. ಹೊಲಿಗೆ ಯಂತ್ರ ಎಳೆದುಕೊಂಡು ಹೋಗಿ ಹಿತ್ತಿಲಿನಲ್ಲಿಟ್ಟ. ಮೇಜನ್ನೂ ಸಾಗಿಸಿದ. ಗಿರಾಕಿಗಳ ಬಟ್ಟೆಯನ್ನೆಲ್ಲ ಕಪಾಟಿನೊಳಗಿಟ್ಟು ಬೀಗ ಹಾಕಿದ. ಕಲ್ಲಿನ ನೆಲದ ಕೋಣೆ ಗೊಂಡೆಗೆ ಬಿಟ್ಟ.

"ನಾಯಿ ಅಂಗಡೀಲಿ, ಯಜಮಾನ ಹಿತ್ತಿಲಲ್ಲಿ. ಚೆಂದದ ಸಂಸಾರ," ಎಂದಳು ತಾಯಿ.

"ನಾನು ಬೆವರು ಒರೆಸ್ಕೊಳ್ತೀನಮ್ಮಾ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರೋಕೆ ಬರಲ್ಲ."

ತಾಯಿ ತನ್ನ ಬೀಸಣಿಗೆಯನ್ನು ಅವನ ಕಡೆ ಚಾಚಿದಳು.

ಈಗ ಬಿಸಿಲೇರುವ ಮುಂಚೆ ಟೈಲರ್ ಗೊಂಡೆಯ ಹಿಂದೆ ಓಡುತ್ತಾನೆ. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆಂದು ಬೀದಿಯವರು ನಗುತ್ತಾರೆ. ಸಂಜೆ ಮಗಳು ಕೂದಲು ಬಾಚುತ್ತಾಳೆ. ಊಳು ಕಡಿಮೆಯಾಗಿದೆ, ನಿಂತಿಲ್ಲ. ಕೂದಲು ಚಿಗುರಿದೆ. ಬೆನ್ನಿನ ಒಂದು ಕಡೆ ಮಾತ್ರ ಬಂದಿಲ್ಲ, ಬಾರದೆಯೂ ಇರಬಹುದು ಎಂದಿದ್ದಾರೆ ವೈದ್ಯೆ. ಮಧ್ಯಾಹ್ನ ಅದು ಮಲಗಿರುವಾಗ ಟೈಲರ್‌ನ ಹೆಂಡತಿ ಆ ಬೋಳು ಜಾಗದ ಮೇಲೆ ಅಂಗೈ ಇಟ್ಟು ಕೂರುತ್ತಾಳೆ.

ಓದುವವರೇ, ಕೇಳುವವರೇ, ಮರಿಯ ಮುದ್ದು ಮುಖ ನೋಡಿ ಮನೆಗೆ ತರಬೇಡಿ. ಅದು ಯಾವ ತಳಿ, ಎಷ್ಟು ಓಡಬೇಕು, ನಿಮ್ಮ ಊರಿನ ಬಿಸಿಲು ತಾಳೀತೇ, ದಿನವೂ ಅದರ ಜೊತೆ ಇರಲು ಮನೆಯಲ್ಲಿ ಯಾರಿದ್ದಾರೆ ಎಂದು ಮೊದಲು ಪಶುವೈದ್ಯರ ಬಳಿ ಕೂತು ಮಾತಾಡಿ. ಈಗಾಗಲೇ ತಂದಿದ್ದರೆ ಇವತ್ತೇ ಹೋಗಿ. ಕತ್ತರಿಯಾಗಲಿ ಸರಪಳಿಯಾಗಲಿ ಕೈಗೆತ್ತಿಕೊಳ್ಳುವ ಮುಂಚೆ ಕೇಳಿ. ನೀವು ತಪ್ಪು ಮಾಡುತ್ತಿರುವಾಗಲೂ ಅದು ನಿಮ್ಮ ಕೈ ನೆಕ್ಕುತ್ತದೆ. ನಿಮ್ಮನ್ನು ತಡೆಯುವುದು ಅದಕ್ಕೆ ಗೊತ್ತಿಲ್ಲ.