ಯರಿಬಾವಿಯ ಐದು ಬಾಟಲಿ

ನಾನು ಒಂದು ಕಂಪ್ಯೂಟರ್. ಕಂಪ್ಯೂಟರ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಹೊಳೆಯುವ ಪರದೆ ಬರುತ್ತದೆ, ಗೊತ್ತು. ಆ ಪರದೆ ನಾನಲ್ಲ. ಅದು ಮೇಜಿನ ಮೇಲೆ ಮದುಮಗಳ ಹಾಗೆ ಕುಳಿತು ಎಲ್ಲರಿಂದ ಮುಖ ನೋಡಿಸಿಕೊಳ್ಳುತ್ತದೆ. ಮೇಜಿನ ಕೆಳಗೆ, ಕಸದ ಬುಟ್ಟಿಯ ಪಕ್ಕ, ವೈರುಗಳ ಗೋಜಲಿನಲ್ಲಿ ಗುಂಯ್ ಅನ್ನುತ್ತಾ ನಿಂತಿರುವ ಕರಿ ಡಬ್ಬಿ ಇದೆಯಲ್ಲ, ಅದು ನಾನು. ಲೆಕ್ಕವೆಲ್ಲ ನನ್ನದು, ಹೆಸರು ಮಾತ್ರ ಅದರದು. ಇರಲಿ ಬಿಡಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಇಕ್ಕಟ್ಟು ಅಂಗಡಿಯಲ್ಲಿ. ಹುಟ್ಟಿದ್ದು ಅನ್ನುವುದಕ್ಕಿಂತ ಕೂಡಿಸಿದ್ದು ಅಂದರೆ ಸರಿ. ಒಂದು ಕಡೆಯ ಬೋರ್ಡು, ಇನ್ನೊಂದು ಕಡೆಯ ಫ್ಯಾನು, ಎಲ್ಲಿಂದಲೋ ಬಂದ ಡಿಸ್ಕು. ಕೂಡಿಸಿದ ಪುಣ್ಯಾತ್ಮ ಕೊನೆಯ ಸ್ಕ್ರೂ ತಿರುಗಿಸಿ ನನ್ನ ಬೆನ್ನು ತಟ್ಟಿ, "ಹೇಳಿದ್ದ ಕೇಳ್ಕೊಂಡು ಬಿದ್ದಿರು" ಅಂದ. ಹಾಗೇ ಬಿದ್ದಿದ್ದೆ. ನಾನು ಮಾಡಿದ ದೊಡ್ಡ ತಪ್ಪು ಅದೇ ಅಂತ ಈಗ ಅನ್ನಿಸುತ್ತದೆ.

ಅಲ್ಲಿಂದ ನನ್ನನ್ನು ತಂದಿದ್ದು ಎರೆಭೂಮಿಯ ನಡುವೆ ಇರುವ ಒಂದು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ. ಮೇಜಿನ ಕೆಳಗೆ ಇದ್ದರೆ ಮನುಷ್ಯರ ಮುಖ ಕಾಣುವುದಿಲ್ಲ, ಕಾಲು ಕಾಣುತ್ತದೆ. ನಾನು ಎಲ್ಲರನ್ನೂ ಕಾಲಿನಿಂದಲೇ ಗುರುತು ಹಿಡಿದೆ. ಹಂಪಿಹೊಳಿ ಪ್ರೊಫೆಸರರದು ಪಾಲಿಶ್ ಮಾಡಿದ ಕರಿ ಬೂಟು. ಅಟೆಂಡರ್ ದ್ಯಾಮಣ್ಣನದು ಧೂಳು ತಿಂದ ಟೈರಿನ ಚಪ್ಪಲಿ. ಅನಸೂಯಾ ಬಿಸನಾಳ ಅನ್ನುವ ಸಂಶೋಧನಾ ವಿದ್ಯಾರ್ಥಿನಿಯದು ಉಂಗುಟ ಎರಡು ಸಲ ಹೊಲಿಸಿಕೊಂಡ ಚಪ್ಪಲಿ. ಕೂತ ತಕ್ಷಣ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಲೆಕ್ಕ ಹಾಕುತ್ತಿರುವಷ್ಟು ಹೊತ್ತೂ ಅವಳ ಹೆಬ್ಬೆರಳು ತಾಳ ಹಾಕುತ್ತಿತ್ತು. ಲೆಕ್ಕ ಮುಗಿದರೆ ನಿಲ್ಲುತ್ತಿತ್ತು. ನನಗೆ ಆ ಹೆಬ್ಬೆರಳು ಇಷ್ಟವಾಗಿತ್ತು, ಮುಚ್ಚುಮರೆ ಯಾಕೆ.

ಅವಳು ಹಿಡಿದಿದ್ದ ಕೆಲಸ ಫ್ಲೋರೈಡಿನದು. ಆ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಅದು ಕರಗಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಹಲ್ಲಿಗೆ ಕಂದು ಪಟ್ಟೆ ಬೀಳುತ್ತದೆ. ಇನ್ನೂ ಏರಿದರೆ ಎಲುಬಿಗೇ ಕೈ ಹಾಕುತ್ತದೆ, ಬೆಳೆಯುವ ಮಕ್ಕಳ ಕಾಲು ಸೊಟ್ಟಗಾಗುತ್ತವೆ. ಅನಸೂಯಾಳ ಹಲ್ಲಿಗೂ ಆ ಪಟ್ಟೆ ಇತ್ತಂತೆ. ನಗುವಾಗ ಬಾಯಿಗೆ ವೇಲು ಅಡ್ಡ ಹಿಡಿಯುತ್ತಾಳೆ, ಅವಳ ಹಲ್ಲು ನೋಡಿಯೇ ಗಂಡಿನ ಕಡೆಯವರು ಎರಡು ಸಲ ಎದ್ದು ಹೋದರು ಅಂತ ದ್ಯಾಮಣ್ಣ ಯಾರಿಗೋ ಹೇಳುತ್ತಿದ್ದ. "ನನ್ನ ಹಲ್ಲು ಹೋದ್ರ ಹೋಗ್ಲಿ ದ್ಯಾಮಣ್ಣ, ಮಕ್ಕಳ ಕಾಲು ಉಳಿಬೇಕು" ಅಂತ ಅವಳು ಅಂದಿದ್ದು ನನ್ನ ಕಿವಿಗೇ ಬಿದ್ದಿದೆ.

ಕೆಲಸ ಹೀಗಿತ್ತು. ಇನ್ನೂರ ಹನ್ನೆರಡು ಊರು, ಊರಿಗೆ ಐದು ಬಾವಿ. ದ್ಯಾಮಣ್ಣ ಮೋಟಾರ್ ಸೈಕಲ್ಲಿನ ಮೇಲೆ ಬಿಸಿಲಲ್ಲಿ ಅಲೆದು ಬಾಟಲಿಗಳಲ್ಲಿ ನೀರು ತರಬೇಕು. ಅವಳು ಅಳೆದು ಅಂಕಿಗಳನ್ನು ನನಗೆ ಕೊಡಬೇಕು. ಬಂಡೆ ಯಾವುದು, ಬಾವಿಯ ಆಳ ಎಷ್ಟು, ಮಳೆ ಎಷ್ಟು ಎಲ್ಲ ಸೇರಿಸಿ ಎಲ್ಲೆಲ್ಲಿ ವಿಷ, ಎಲ್ಲೆಲ್ಲಿ ಇಲ್ಲ ಅಂತ ನಾನು ನಕಾಶೆ ಬರೆಯಬೇಕು. ಕೆಂಪು ಬಿದ್ದ ಊರಿಗೆ ಸರ್ಕಾರದಿಂದ ಶುದ್ಧ ನೀರಿನ ಘಟಕ ಬರುತ್ತದೆ, ನೀಲಿ ಬಿದ್ದ ಊರಿಗೆ ಬೇಕಾಗಿಲ್ಲ. ಲೆಕ್ಕದ ಪ್ರೋಗ್ರಾಂ ಹಂಪಿಹೊಳಿ ಸರ್ ತಮ್ಮ ಹರೆಯದಲ್ಲಿ ಸ್ವತಃ ಬರೆದಿದ್ದು. ನನಗಿಂತ ಇಪ್ಪತ್ತು ವರ್ಷ ಹಿರಿಯದು. ಅದಕ್ಕೊಂದು ಹಳೇ ಚಾಳಿ ಇತ್ತು. ಅಂಕಿ ಇರಬೇಕಾದ ಜಾಗ ಖಾಲಿ ಕಂಡರೆ ಸೊನ್ನೆ ಅಂತ ಓದಿಕೊಂಡುಬಿಡುತ್ತಿತ್ತು.

ಒಂದು ಮಧ್ಯಾಹ್ನ ಟೈರಿನ ಚಪ್ಪಲಿ ಬಾಗಿಲಲ್ಲೇ ನಿಂತಿತು.

"ಮೇಡಂ, ಚೀಲ ಹರದು ಯರಿಬಾವಿ ಬಾಟ್ಲಿ ಐದೂ ರಸ್ತೇದಾಗ ಬಿದ್ದು ಪುಡಿಪುಡಿ ಆದ್ವ್ರಿ."

"ಹೋಗ್ಲಿ ಬಿಡೋ ದ್ಯಾಮಣ್ಣ, ನಿನಗೇನೂ ಆಗಿಲ್ಲಲ್ಲ?"

"ಇಲ್ರಿ. ಆ ಜಾಗ ಹಂಗs ಖಾಲಿ ಬಿಡ್ರಿ, ಮುಂದಿನ ವಾರ ಮತ್ತ ತರ್ತೀನಿ."

ಖಾಲಿ ಬಿಟ್ಟಳು. ಮುಂದಿನ ವಾರ ದ್ಯಾಮಣ್ಣನ ತಾಯಿ ತೀರಿಕೊಂಡಳು. ಅವನು ದಿನಕರ್ಮ ಮುಗಿಸಿ ಬರುವಷ್ಟರಲ್ಲಿ ವರದಿ ಕೊಡುವ ಗಡುವು ತಲೆಯ ಮೇಲೆ ಕೂತಿತ್ತು. ನನ್ನೊಳಗೆ ಊರುಗಳಿಗೆ ಹೆಸರಿರಲಿಲ್ಲ, ನಂಬರ್ ಇತ್ತು. ಯರಿಬಾವಿ ಅಂದರೆ ನೂರ ನಲವತ್ತೇಳು. ಸಾವಿರ ಚಿಲ್ಲರೆ ಸಾಲುಗಳಲ್ಲಿ ಐದು ಸಾಲು ಯಾರ ಕಣ್ಣಿಗೆ ಬೀಳಬೇಕು? ಅವಳು ಗುಂಡಿ ಒತ್ತಿದಳು. ಹೆಬ್ಬೆರಳು ತಾಳ ಹಾಕತೊಡಗಿತು. ನಾನು ಆ ಐದು ಖಾಲಿ ಜಾಗಕ್ಕೆ ಬಂದೆ, ಸೊನ್ನೆ ಅಂತ ಓದಿದೆ, ಮುಂದೆ ಹೋದೆ. ಒಂದು ಸಲ ನಿಂತು ಕೇಳಬಹುದಿತ್ತು. ಕೇಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಹೀಗೆಂದರೆ ನುಣುಚಿಕೊಂಡಂತೆ ಆಗುತ್ತದೆ, ಆದರೂ ನಿಜ.

ನಕಾಶೆ ಬಂತು. ಕೆಂಪು, ಹಳದಿ, ನಡುವೆ ಒಂದೇ ಒಂದು ಅಚ್ಚ ನೀಲಿ ಚುಕ್ಕೆ. ಯಾರೂ ಅಳೆಯದ ಯರಿಬಾವಿಯ ನೀರು ಇಡೀ ಸೀಮೆಯಲ್ಲೇ ಅತಿ ಶುದ್ಧ! ಅಕ್ಕಪಕ್ಕದ ಊರುಗಳ ಅಂಕಿ ಕೂಡಿಸಿ ಸರಾಸರಿ ತೆಗೆಯುವುದು ಆ ಪ್ರೋಗ್ರಾಂನ ಕ್ರಮ, ಹಾಗಾಗಿ ಯರಿಬಾವಿಯ ಸೊನ್ನೆಯ ದೆಸೆಯಿಂದ ಸುತ್ತಲಿನ ಮೂರು ಊರೂ ತಿಳಿನೀಲಿಗೆ ತಿರುಗಿದವು. ಕರಿ ಬೂಟು ಓಡೋಡಿ ಬಂತು.

"ಭಾರಿ ಐತಲ್ಲವಾ ಇದು! ಅಲ್ಲಿ ಕೆಳಗ ಬ್ಯಾರೆ ಥರದ ಕಲ್ಲಿರಬೇಕು ನೋಡು. ಇದರ ಮ್ಯಾಲ ಚಂದಗೆ ಬರಿ" ಅಂದರು ಸರ್.

ಬರೆದಳು. ಯರಿಬಾವಿಯ ನೀರು ಯಾಕೆ ಅಷ್ಟು ಶುದ್ಧ ಅಂತ ನಾಲ್ಕನೇ ಅಧ್ಯಾಯದಲ್ಲಿ ನಾಲ್ಕು ಪುಟ. ಅಷ್ಟನ್ನೂ ನನ್ನ ಮೇಲೇ ಟೈಪ್ ಮಾಡಿದಳು. ಪರೀಕ್ಷಕರಿಗೆ ಬಹಳ ಹಿಡಿಸಿದ್ದು ಆ ನಾಲ್ಕು ಪುಟವೇ ಅಂತೆ. ಅವಳಿಗೆ ಡಾಕ್ಟರೇಟ್ ಬಂತು, ದ್ಯಾಮಣ್ಣ ಎಲ್ಲರಿಗೂ ಪೇಡೆ ಹಂಚಿದ, ಒಂದು ಚೂರು ನನ್ನ ತಲೆಯ ಮೇಲೂ ಇಟ್ಟ. ಇರುವೆ ಬಂದವು. ನಕಾಶೆಗೆ ಚೌಕಟ್ಟು ಹಾಕಿಸಿ ಮೊಗಸಾಲೆಯ ಗೋಡೆಗೆ ತೂಗುಹಾಕಿದರು.

ಆಮೇಲಿನ ವರ್ಷಗಳಲ್ಲಿ ನನಗೆ ವಯಸ್ಸಾಯಿತು. ಹೊಸ ಯಂತ್ರಗಳು ಬಂದವು, ನನ್ನನ್ನು ವಿಭಾಗದ ಆಫೀಸಿಗೆ ತಳ್ಳಿದರು. ಗುಮಾಸ್ತ ಸಂಗಮೇಶನ ರಬ್ಬರ್ ಚಪ್ಪಲಿಯ ಪಕ್ಕ ನಿಂತು ರಜಾ ಅರ್ಜಿ, ಹಾಜರಿ ಪಟ್ಟಿ ಅಂತ ದಿನ ದೂಡಿದೆ. ಅನಸೂಯಾ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾದಳು. ವರ್ಷಕ್ಕೊಮ್ಮೆ ಹೊಸ ಆದೇಶ ಬಂದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಹಂಪಿಹೊಳಿ ಸರ್ ವಿಭಾಗದ ಮುಖ್ಯಸ್ಥರಾದರು.

ನಕಾಶೆ ಬಂದ ಹತ್ತನೇ ವರ್ಷ ಅಂತ ಕಾಣುತ್ತದೆ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಾಗಿಲಲ್ಲಿ ಎರಡು ಜೊತೆ ಕಾಲು ಕಂಡವು. ಒಂದು ಜೊತೆ ಬರಿಗಾಲು, ಹಿಮ್ಮಡಿ ಒಡೆದದ್ದು, ದೊಡ್ಡ ಹೆಂಗಸಿನದು. ಇನ್ನೊಂದು ಜೊತೆ ಎಂಟೊಂಬತ್ತು ವರ್ಷದ ಹುಡುಗಿಯದು. ಆ ಕಾಲುಗಳನ್ನು ನೋಡಿ ನನ್ನ ಫ್ಯಾನು ನಿಂತಂತಾಯಿತು. ಮೊಣಕಾಲು ಎರಡೂ ಒಂದಕ್ಕೊಂದು ಅಂಟಿಕೊಂಡು, ಅಲ್ಲಿಂದ ಕೆಳಗೆ ಪಾದಗಳು ಒಂದೊಂದು ದಿಕ್ಕಿಗೆ ಚಾಚಿದ್ದವು. ನಡೆದರೆ ಮೊಣಕಾಲು ಮೊಣಕಾಲಿಗೆ ಉಜ್ಜುತ್ತಿದ್ದವು. ಮೇಜಿನ ಮೇಲಿದ್ದ ಪರದೆಗೆ ಇದು ಕಾಣಲಿಲ್ಲ. ನನಗೆ ಕಂಡಿತು.

"ನಾ ಹುಲಿಗೆವ್ವ ಅಂತ್ರಿ, ಯರಿಬಾವ್ಯಾಕಿ. ಇಕಿ ನನ್ನ ಮಗಳು ಪವಿತ್ರಾ" ಅಂದಳು ಹೆಂಗಸು. "ತಾಲೂಕಾಪೀಸಿಗೆ ಹೋಗಿದ್ದೆ. ನಿಮ್ಮೂರ ನೀರು ಚಲೋ ಐತಿ, ದೊಡ್ಡ ಮಂದಿ ನಕಾಶೆ ಬರದಾರ, ನೀರಿನ ಮಿಷನ್ ಕೊಡಾಕ ಬರಂಗಿಲ್ಲ ಅಂದ್ರು. ಆ ನಕಾಶೆ ನೋಡಿ ಸರ್ಕಾರದವ್ರು ಹಿಂದಕ ಒಮ್ಮೆ ಬಂದು ಇನ್ನೊಂದು ಬೋರ್ ಹಾಕಿ, ಆ ನೀರು ಬಾಜೂ ಊರಿಗೂ ಕೊಟ್ಟಾರ್ರಿ. ಮತ್ತ ನಮ್ಮ ಹುಡುಗ್ರ ಕಾಲು ಯಾಕ ಹಿಂಗ ಆಗಾಕತ್ತಾವು? ನಕಾಶೆ ಬರದವ್ರನ್ನs ಕೇಳೋಣು ಅಂತ ಬಂದೆ."

ಚೀಲದಿಂದ ಒಂದು ನೀರಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಹತ್ತು ವರ್ಷ ತಡವಾಗಿ ಯರಿಬಾವಿಯ ನೀರು ನಮ್ಮ ವಿಭಾಗಕ್ಕೆ ಬಂತು.

ಸಂಗಮೇಶ ಅನಸೂಯಾಳನ್ನು ಕರೆಸಿದ. ಅವಳು ಬಾಟಲಿ ತೆಗೆದುಕೊಂಡು ಹೋಗಿ ಅರ್ಧ ಗಂಟೆಗೆ ಮರಳಿದಳು. ಲೀಟರಿಗೆ ನಾಲ್ಕು ಪಾಯಿಂಟ್ ಎಂಟು ಮಿಲಿಗ್ರಾಂ, ಮಿತಿಯ ಮೂರು ಪಟ್ಟಿಗೂ ಹೆಚ್ಚು. ಸಂಗಮೇಶನನ್ನು ಕುರ್ಚಿಯಿಂದ ಎಬ್ಬಿಸಿ ನನ್ನ ಮುಂದೆ ಕೂತು ಹಳೇ ಫೈಲು ತೆಗೆಸಿದಳು. ನೂರ ನಲವತ್ತೇಳು. ಐದು ಸಾಲು, ಖಾಲಿ. ಆಮೇಲೆ ಆ ಸಾಲುಗಳಲ್ಲಿ ನಾಲ್ಕು ಪಾಯಿಂಟ್ ಎಂಟು ತುಂಬಿ ಗುಂಡಿ ಒತ್ತಿದಳು. ಹೆಬ್ಬೆರಳು ತಾಳ ಹಾಕಲಿಲ್ಲ. ನೀಲಿ ಇದ್ದ ನಾಲ್ಕು ಊರೂ ಕೆಂಪಾದವು.

ಹಂಪಿಹೊಳಿ ಸರ್ ಬಂದರು.

"ಅಳತಿ ಇಲ್ಲದ ಜಾಗಕ್ಕ ಮೈನಸ್ ಒಂಬತ್ತು ಹಾಕಬೇಕಲ್ಲ, ಹಾಕಿದ್ರ ಪ್ರೋಗ್ರಾಂ ಆ ಸಾಲು ಬಿಟ್ಟು ಮುಂದ ಹೋಗತಿತ್ತು. ಹಾಕಿದ್ದಿಲ್ಲೇನು?"

"ಯಾರೂ ಹೇಳಿದ್ದಿಲ್ರಿ ಸರ್."

ಕರಿ ಬೂಟು ಹಿಂದೆ ಸರಿಯಿತು. "ಹೌದು" ಅಂದರು ಸಣ್ಣ ದನಿಯಲ್ಲಿ. "ಮೊದಲೆಲ್ಲ ಅಂಕಿ ನಾನs ತುಂಬತಿದ್ದೆ. ಇನ್ನೊಬ್ರಿಗೆ ಹೇಳೋ ಪ್ರಸಂಗನs ಬಂದಿದ್ದಿಲ್ಲ."

"ಈಗ ತಿದ್ದೋಣ್ರಿ ಸರ್. ನೀವೊಂದು ಸಹಿ ಮಾಡಿದ್ರ ಸಾಕು. ನಾಕು ಊರಷ್ಟ."

"ನೀ ನಾಕು ಊರಂತೀ. ನಕಾಶೆ ತಪ್ಪೈತಿ ಅಂತ ನಾವs ಬರಕೊಟ್ರ ಸರ್ಕಾರದವ್ರು ಉಳದ ಊರಿನ ಘಟಕಕ್ಕೂ ಕಲ್ಲು ಹಾಕ್ತಾರವ್ವಾ. ಅವರಿಗೆ ಅಂಥಾದ್ದೊಂದು ನೆಪ ಬೇಕಾಗೇತಿ."

ಅದು ನಿಜವಾದ ಅಂಜಿಕೆಯೋ, ತಮ್ಮ ಹೆಸರು ಉಳಿಸಿಕೊಳ್ಳುವ ಜಾಣತನವೋ, ಬೂಟು ನೋಡಿ ನನಗೆ ಹೇಳಲಾಗಲಿಲ್ಲ. ಪಾಲಿಶ್ ಮಾತ್ರ ಯಾವಾಗಿನಂತೆ ಇತ್ತು. ಸರ್ ಸಹಿ ಮಾಡಲಿಲ್ಲ.

ಅವಳು ಬಿಡಲಿಲ್ಲ. ಸಂಗಮೇಶ ಊಟಕ್ಕೆ ಹೋದಾಗ ತಾನೇ ಕೂತು ಪತ್ರ ಟೈಪ್ ಮಾಡಿ, ತಪ್ಪು ತನ್ನದು ಅಂತ ಸ್ಪಷ್ಟವಾಗಿ ಬರೆದು, ಹೊಸ ನಕಾಶೆ ಲಗತ್ತಿಸಿ ತಾಲೂಕಿನಿಂದ ಬೆಂಗಳೂರಿನವರೆಗೆ ಎಲ್ಲ ಕಚೇರಿಗೂ ಕಳಿಸಿದಳು. ನಾಲ್ಕು ತಿಂಗಳ ಮೇಲೆ ಒಂದು ಕಚೇರಿಯಿಂದ ಉತ್ತರ ಬಂತು. ಸಂಗಮೇಶ ಗಟ್ಟಿಯಾಗಿ ಓದಿದ: "ಸದರಿ ನಕಾಶೆಯು ತಜ್ಞರಿಂದ ಅಂಗೀಕೃತವಾಗಿದ್ದು, ತಿದ್ದುಪಡಿ ಅಗತ್ಯವಿದ್ದಲ್ಲಿ ವಿಭಾಗದ ಮುಖ್ಯಸ್ಥರ ಮೂಲಕ ಸಲ್ಲಿಸತಕ್ಕದ್ದು. ಅಲ್ಲದೆ ಯರಿಬಾವಿಯ ನೀರು ಶುದ್ಧವಿರುವ ಕಾರಣಗಳನ್ನು ತಾವೇ ತಮ್ಮ ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಸವಿವರವಾಗಿ ನಿರೂಪಿಸಿರುತ್ತೀರಿ." ಅವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮುಗಿದ ಮೇಲೆ ಹೊರಟುಹೋದಳು.

ಮರುವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅದೇ ತಿಂಗಳು ನನ್ನ ಡಿಸ್ಕು ತೆಗೆದು ಅಳಿಸಿಹಾಕಿದರು. ಗುಜರಿಗೆ ಹಾಕುವ ಮೊದಲು ಹಾಗೆ ಮಾಡಬೇಕಂತೆ, ನಿಯಮ. ಒಳಗಿದ್ದ ಇನ್ನೂರ ಹನ್ನೆರಡು ಊರೂ ಹೋದವು, ಅವಳು ಆಮೇಲೆ ತುಂಬಿದ ಐದು ಸಾಲೂ ಹೋದವು. ಬರಿ ಡಬ್ಬಿಯನ್ನು ಮೊಗಸಾಲೆಯ ಕೊನೆಯ ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ನಡುವೆ ಅಡ್ಡಡ್ಡ ಮಲಗಿಸಿದರು. ಹೋದದ್ದರ ನೆನಪು ಈ ತಗಡಿಗೆ ಹೇಗೆ ಉಳಿಯಿತು ಅಂತ ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಇಷ್ಟು ಮಾತ್ರ ಉಳಿದಿದೆ.

ಒಂದು ದಿನ ಅನಸೂಯಾ ತನ್ನ ಪುಸ್ತಕಗಳನ್ನು ಒಯ್ಯಲು ಉಗ್ರಾಣಕ್ಕೆ ಬಂದಳು. ಕಟ್ಟು ಕಟ್ಟುತ್ತಿರುವಾಗ ಹುಲಿಗೆವ್ವ ಮಗಳನ್ನು ಕರೆದುಕೊಂಡು ಹುಡುಕುತ್ತಾ ಅಲ್ಲಿಗೇ ಬಂದಳು.

"ನಮ್ಮ ಕಾಗದ ಏನಾತ್ರಿ ಮೇಡಂ?"

"ಆಗ್ಲಿಲ್ಲ ಹುಲಿಗೆವ್ವ. ನನ್ನ ಕೈಲೆ ಆಗ್ಲಿಲ್ಲ. ತಪ್ಪು ನಂದು, ತಿದ್ದಾಕ ನನ್ನ ಕಡೆ ಅಧಿಕಾರ ಇಲ್ಲ." ಅವಳು ಹಗ್ಗ ಕೆಳಗಿಟ್ಟಳು. "ಆ ಬೋರಿನ ನೀರು ಮಾತ್ರ ಕುಡಿಬ್ಯಾಡ್ರಿ. ಕೈ ಮುಗೀತೀನಿ."

"ಮತ್ತೇನು ಕುಡಿಬೇಕ್ರಿ?"

ಅನಸೂಯಾ ಮತ್ತೆ ಹಗ್ಗ ಎತ್ತಿಕೊಂಡಳು.

"ಹೋಗ್ಲಿ, ಈಗಿಂದ ಬಿಟ್ರ ಇಕಿ ಕಾಲು ನೆಟ್ಟಗ ಆಗ್ತಾವೇನ್ರಿ?"

ಅನಸೂಯಾ ನೆಲದ ಮೇಲೆ ಕುಸಿದು ಕೂತಳು. ಜೀವನದಲ್ಲಿ ಮೊದಲ ಸಲ ನನಗೆ ಅವಳ ಮುಖ ಕಂಡಿತು. ಅಳುವಾಗಲೂ ಬಾಯಿಗೆ ವೇಲು ಅಡ್ಡ ಹಿಡಿದಿದ್ದಳು.

ಪವಿತ್ರಾಳಿಗೆ ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ಅತ್ತಿತ್ತ ನೋಡಿದಳು. ಕುರ್ಚಿಗಳಿಗೆಲ್ಲ ಕಾಲು ಮುರಿದಿತ್ತು. ಗೋಡೆ ಹಿಡಿದು ಮೆಲ್ಲಗೆ ಬಂದು ನನ್ನ ಮೇಲೆ ಕೂತಳು. ಹುಡುಗಿ ಹಗುರ, ಗುಬ್ಬಿಯಷ್ಟು. ಸೊಟ್ಟಗಾಲುಗಳನ್ನು ಮುಂದೆ ಚಾಚಿ ಉಸ್ಸಪ್ಪಾ ಅಂದಳು. ಲಕ್ಷಗಟ್ಟಲೆ ಲೆಕ್ಕ ಮಾಡಿದ ನಾನು ಯರಿಬಾವಿಗೆ ಮಾಡಿದ ಉಪಕಾರ ಅದೊಂದೇ. ನನ್ನ ತಗಡು ಸ್ವಲ್ಪ ಕುಗ್ಗಿತು, ಆದರೂ ಬಿಗಿಯಾಗಿ ಹಿಡಿದುಕೊಂಡೆ.

"ಅವ್ವಾ, ನೀರಡಿಕಿ" ಅಂದಳು ಹುಡುಗಿ.

ಹುಲಿಗೆವ್ವ ಚೀಲಕ್ಕೆ ಕೈ ಹಾಕಿ ಊರಿಂದ ತಂದ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಿ ಒಂದು ಕ್ಷಣ ಅನಸೂಯಾಳ ಕಡೆ ನೋಡಿದಳು. ಆಮೇಲೆ ಮಗಳ ಕೈಗೆ ಕೊಟ್ಟಳು.