ಅಳೆಯುವ ಕೈ

ಅವಳಿಗೆ ಅಳೆಯುವ ಕೈ ಇರಲಿಲ್ಲ. ಮನೆಮಂದಿಯೆಲ್ಲ ಹೇಳುತ್ತಿದ್ದ ಮಾತು, ಪಕ್ಕದ ಕೌಂಟರಿನಲ್ಲಿ ಕತ್ತರಿ ಕರ್ರೆಂದಾಗ ಮತ್ತೆ ನೆನಪಾಗುತ್ತದೆ, ಗಲ್ಲಾದಲ್ಲಿ ಕೂತು ಯಾರಿಗೋ ಚಿಲ್ಲರೆ ಕೊಡುತ್ತಿದ್ದಾಳೆ, ಕಣ್ಣು ಮಾತ್ರ ಚಿಕ್ಕಪ್ಪನ ಮೇಲೆ — ಅಳೆಯುವ ಕೈ ಅಂದರೆ ಅದು, ನೀಲಿ ಬಟ್ಟೆ ಥಾನಿನಿಂದ ನೀರಿನ ಹಾಗೆ ಹರಿದು ಮೀಟರ್ ಕೋಲಿಗೆ ಬರುತ್ತದೆ, ಒಂದು, ಎರಡು, ಏನಮ್ಮಾ ಸೊಸೆ ಮಾತಾಡ್ತಾಳಾ ಈಗ, ಅಂತ ಸಾಲಿನಲ್ಲಿ ನಿಂತವರನ್ನು ಕೇಳುತ್ತಾರೆ, ಮೂರು, ಮಾತೂ ನಿಲ್ಲುವುದಿಲ್ಲ ಕೈಯೂ ನಿಲ್ಲುವುದಿಲ್ಲ, ಪ್ರತಿ ಮೀಟರಿನ ಕೊನೆಗೆ ಆ ಹೆಬ್ಬೆರಳು. ಚಿಕ್ಕವಳಿದ್ದಾಗ ಒಂದು ಸಲ ತಾನೂ ಅಳೆದಿದ್ದಳು, ಅಪ್ಪ ನಕ್ಕಿದ್ದರು, ನಿನ್ನ ಕೈಗೆ ಕೋಲು ಕೊಟ್ಟರೆ ಅಂಗಡಿ ಎತ್ತಬೇಕಾಗುತ್ತೆ, ಚಿಕ್ಕಪ್ಪನ್ನ ನೋಡಿ ಕಲಿ. ನೋಡಿದ್ದಳು, ಕಂಡಿರಲಿಲ್ಲ, ಈಗಷ್ಟೇ ದರ್ಜಿ ಹೆಂಗಸು ಬಂದು ಬಾಯಿ ಮಾಡುವವರೆಗೂ — ಹೋದ ಸಲ ನಲವತ್ತು ಲಂಗಕ್ಕೆ ಅಂತ ಒಯ್ದೆ, ಮೂವತ್ತೊಂಬತ್ತಕ್ಕೇ ಮುಗೀತು, ನಲವತ್ತನೇ ಮಗು ಶಾಲೆಗೆ ಏನುಟ್ಕೊಂಡು ಹೋಗ್ಬೇಕು, ನಿಮ್ಮ ಅಂಗಡಿ ಬೋರ್ಡಾ? ನಿನ್ನ ಕತ್ತರಿಗೆ ಹಸಿವು ಜಾಸ್ತಿ ತಾಯಿ, ಅಂದರು ಚಿಕ್ಕಪ್ಪ, ಅಂಗಡಿಯೆಲ್ಲ ನಕ್ಕಿತು, ಗಲ್ಲಾದಲ್ಲಿ ಕೂತ ಇವಳೂ ನಕ್ಕಳು. ದರ್ಜಿ ಇನ್ನೂ ನಿಂತಿದ್ದಾಳೆ, ಬೈದುಕೊಂಡಾದರೂ ಇಲ್ಲೇ ಕೊಳ್ಳಬೇಕು, ಶಾಲೆಯ ಆ ನೀಲಿ ಬೇರೆಲ್ಲೂ ಸಿಗುವುದಿಲ್ಲ. ನಾಲ್ಕು. ಹೆಬ್ಬೆರಳು ಮೀಟರಿನ ಕೊನೆಯನ್ನು ಒತ್ತಿ ಹಿಡಿಯುತ್ತದೆ, ಮುಂದಿನ ಮೀಟರು ಅದರ ಈಚೆಯಿಂದ ಶುರುವಾಗುತ್ತದೆ, ಅಡಿಯಲ್ಲಿ ಸಿಕ್ಕಷ್ಟು ಬಟ್ಟೆ ಎರಡು ಸಲ ಎಣಿಕೆಗೆ ಬರುತ್ತದೆ, ಇಷ್ಟೇ, ಇಷ್ಟಕ್ಕೇ ಇಷ್ಟು ವರ್ಷ ಕೈಚಳಕ ಅಂತ ಹೆಸರು.

ಅಪ್ಪನಿಗೆ ಗೊತ್ತಿತ್ತಾ, ಗೊತ್ತಿಲ್ಲದೆ ಅಂಗಡಿಯ ಕೀಲಿ ಕೊಡುವಾಗ ಹಾಗಂದರಾ, ಗಲ್ಲಾ ನಿನ್ನದು, ಕೋಲು ಅವನದು, ಅವನ ತಂಟೆಗೆ ಹೋಗಬೇಡ. ಹಾಗಾದರೆ ತಾನು ಉಂಡದ್ದು, ಓದಿದ್ದು, ಎಲ್ಲ ಆ ಬೆರಳಿನ ಅಡಿಯದ್ದು. ಅದೇ ಬೆರಳು ಸೈಕಲ್ ಗಂಟೆ ಒತ್ತುತ್ತ ತನ್ನನ್ನು ಶಾಲೆಗೆ ಬಿಟ್ಟಿತ್ತು, ಟ್ರಿಣ್ ಟ್ರಿಣ್, ಜಾಗ ಬಿಡ್ರೋ ನಮ್ಮ ಮೇಡಂ ಬಂದ್ರು — ಐದು, ಆರು — ಬಾಗಿಲು ಹಾಕಿದ ಮೇಲೆ ಒಳಗೆ ಕರೆದು ಮೆಲ್ಲಗೆ ಹೇಳಬಹುದು, ಚಿಕ್ಕಪ್ಪನ ಮರ್ಯಾದೆ ಉಳಿಯುತ್ತದೆ, ಅಷ್ಟು ಹೊತ್ತಿಗೆ ಆ ಬಟ್ಟೆ ದರ್ಜಿಯ ಮನೆ ಸೇರಿರುತ್ತದೆ, ಮತ್ತೊಂದು ಮಗುವಿಗೆ ಲಂಗ ಇರುವುದಿಲ್ಲ. ಇಲ್ಲ. ಮೆಲ್ಲಗೆ ಹೇಳುವುದೆಂದರೆ ನಾಳೆ ಹೇಳುವುದು, ನಾಳೆ ಎಂದರೆ ಅಪ್ಪನ ಹಾಗೆ ಹೇಳದೇ ಇರುವುದು. ಕಾಲು ಆಗಲೇ ಎದ್ದಿದೆ, ಮಾತು ಕಾಲಿನ ಹಿಂದೆ ಬರುತ್ತದೆ, ಚಿಕ್ಕಪ್ಪಾ ಕತ್ತರಿ ಹಾಕಬೇಡಿ, ಇನ್ನೊಂದು ಸಲ ಅಳೀರಿ, ಹೆಬ್ಬೆರಳು ಬಿಟ್ಟು. ಚಿಕ್ಕಪ್ಪ ಕೋಲು ಹಿಡಿದೇ ಇವಳ ಕಡೆ ತಿರುಗಿದರು. ಎಷ್ಟು ದೊಡ್ಡವಳಾದೆ ಮಗಾ, ಎತ್ತಿ ಆಡಿಸಿದ ಕೈಗೆ ಪಾಠ ಹೇಳ್ತೀಯಾ? ಪಾಠ ಅಲ್ಲ, ಇವತ್ತಿಂದ ಈ ಅಂಗಡೀಲಿ ಅಳೆಯೋದು ಹೀಗೆ. ನಾನು ಎದ್ದು ಹೋದ್ರೆ ನನ್ನ ಹಿಂದೆ ಯಾರ್ಯಾರು ಬರ್ತಾರೆ ನೋಡ್ತೀಯಾ? ನೋಡ್ತೀನಿ. ಕೋಲನ್ನು ಎಸೆಯಲಿಲ್ಲ ಅವರು, ಎಸೆಯುವ ಜಾತಿಯಲ್ಲ, ಮೇಜಿನ ಮೇಲೆ ಮೆತ್ತಗೆ ಇಟ್ಟು ಚಪ್ಪಲಿ ಹಾಕಿಕೊಂಡರು, ಅವರ ಕೈಕೆಳಗೆ ಕಲಿತ ಇಬ್ಬರು ಕೆಲಸಗಾರರೂ ಹಾಕಿಕೊಂಡರು, ಮೂವರೂ ಮೆಟ್ಟಿಲಿಳಿದರು, ಕರೆಯಬೇಕೆನ್ನಿಸಿತು, ಕರೆಯಲಿಲ್ಲ.

ತಾನೇ ಎತ್ತಿಕೊಂಡ ಕೋಲಿನಲ್ಲಿ ಇನ್ನೂ ಅವರ ಕೈಯ ಬಿಸಿ. ಒಂದು. ಹೋದ ಸಲದ್ದು ಒಂದು ಲಂಗದ ಬಟ್ಟೆ ನಮ್ಮ ಬಾಕಿ ಅಕ್ಕಾ, ಅದನ್ನೂ ಸೇರಿಸಿ ಕೊಡ್ತೀನಿ. ಎರಡು. ಬೇಗ ಬೇಗ ಅಮ್ಮಾ, ನಾವೂ ಮನೆಗೆ ಹೋಗ್ಬೇಕು, ಸಾಲಿನಲ್ಲಿ ಯಾರೋ ಗೊಣಗುತ್ತಾರೆ, ದರ್ಜಿ ತಿರುಗಿ, ನಿಂತ್ಕೊಳ್ಳಿ, ನಾನು ಮೂವತ್ತೊಂಬತ್ತು ಲಂಗ ಹೊಲಿದು ಬಂದಿದ್ದೀನಿ. ಮೂರು, ಬಟ್ಟೆ ಜಾರುತ್ತದೆ, ಮತ್ತೆ ಮೊದಲಿಂದ, ಒಂದು, ಮೀಟರಿನ ಕೊನೆಯಲ್ಲಿ ತನ್ನ ಹೆಬ್ಬೆರಳು ಊರುತ್ತದೆ — ಅದೇ ಅಗಲ, ಅದೇ ಗಿಡ್ಡ ಉಗುರು, ಚಿಕ್ಕಪ್ಪನದೇ, ಮನೆತನದ ಹೆಬ್ಬೆರಳು — ನೋಡುತ್ತಾಳೆ, ಆಚೆಗೆ ಸರಿಸುತ್ತಾಳೆ, ಎರಡು, ಮತ್ತೆ ಅದೇ ಹೆಬ್ಬೆರಳು, ಮತ್ತೆ ಸರಿಸುತ್ತಾಳೆ. ಆ ಸಂಜೆ ಅಂಗಡಿ ಕಳೆದುಕೊಂಡದ್ದು ಒಬ್ಬ ಚಿಕ್ಕಪ್ಪ, ಇಬ್ಬರು ಕೆಲಸಗಾರರು, ಮೀಟರಿಗೆ ಒಂದು ಹೆಬ್ಬೆರಳು.